ಖಾಲಿ ಗ್ಯಾಲರಿಗೆ ಜನರನ್ನು ಕರೆಯುವುದು ಹೇಗೆ? ಅಮೆರಿಕದ ಕಾಲೇಜು ಆಟಗಳ ಗಿಮಿಕ್ ಕಥೆ

2023ರ ಆಗಸ್ಟ್ 30, ಬುಧವಾರ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಪಟ್ಟಣ. ವಿಶ್ವವಿದ್ಯಾಲಯ ಅವತ್ತು ತರಗತಿಗಳನ್ನು ರದ್ದು ಮಾಡಿತ್ತು. ಕಾರಣ ಹಬ್ಬವಲ್ಲ, ಮಳೆಯಲ್ಲ. ಹುಡುಗಿಯರ ಒಂದು ವಾಲಿಬಾಲ್ ಪಂದ್ಯ.

ಆ ಪಂದ್ಯ ನಡೆದದ್ದು ಒಳಾಂಗಣದಲ್ಲಿ ಅಲ್ಲ, ಮೆಮೋರಿಯಲ್ ಸ್ಟೇಡಿಯಂ ಎಂಬ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ. ವಾಲಿಬಾಲ್ ಕೋರ್ಟ್ ಎಷ್ಟಿರುತ್ತದೆ? 18 ಮೀಟರ್ ಉದ್ದ, 9 ಮೀಟರ್ ಅಗಲ. ಅಷ್ಟು ದೊಡ್ಡ ಬಯಲಿನ ನಡುವೆ ಅದು ಅಂಗಳದಲ್ಲಿ ಹಾಸಿದ ಚಾಪೆಯ ಹಾಗೆ. ಮೇಲಿನ ಸಾಲಲ್ಲಿ ಕೂತವರಿಗೆ ಚೆಂಡು ಕಾಣುವುದೇ ಕಷ್ಟ, ದೊಡ್ಡ ಪರದೆಯೇ ಗತಿ. ಆದರೂ ಬಂದವರು 92,003 ಜನ. ನೆಬ್ರಾಸ್ಕಾ ತಂಡ ಅದೇ ರಾಜ್ಯದ ಒಮಾಹಾ ತಂಡವನ್ನು 3-0ರಿಂದ ಸೋಲಿಸಿತು. ಆಮೇಲೆ ಅಲ್ಲೇ ಸಂಗೀತ ಕಾರ್ಯಕ್ರಮ. ದೊಡ್ಡವರಿಗೆ ಟಿಕೆಟ್ 25 ಡಾಲರ್, ಶಾಲೆ ಮಕ್ಕಳಿಗೆ 5 ಡಾಲರ್.

ಮಹಿಳೆಯರ ಆಟವೊಂದಕ್ಕೆ ಜಗತ್ತಿನಲ್ಲಿ ಅಷ್ಟು ಜನ ಸೇರಿದ್ದು ಅದೇ ಮೊದಲು ಎಂದು ಎಲ್ಲರೂ ಬರೆದರು. ಅದಕ್ಕೂ ಮುಂಚಿನ ದಾಖಲೆ 2022ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಸಾಕರ್, ಅಂದರೆ ನಮ್ಮ ಮಾಮೂಲಿ ಫುಟ್‌ಬಾಲ್ ಪಂದ್ಯದ್ದು, 91,648. 1971ರಲ್ಲಿ ಮೆಕ್ಸಿಕೊದ ಅಜ್ಟೆಕಾ ಸ್ಟೇಡಿಯಂನಲ್ಲಿ ಮಹಿಳಾ ಫುಟ್‌ಬಾಲ್ ನೋಡಲು ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು ಎನ್ನುತ್ತಾರೆ. ಆದರೆ ಆ ಟೂರ್ನಿಗೆ ಫಿಫಾ ಮಾನ್ಯತೆ ಇರಲಿಲ್ಲ, ಹಾಗಾಗಿ ಅದು ಅಧಿಕೃತ ಪಟ್ಟಿಯಲ್ಲಿಲ್ಲ. ದಾಖಲೆಯ ಚರ್ಚೆ ಹಾಗಿರಲಿ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಇಂಥ ದೊಡ್ಡ ಗಿಮಿಕ್‌ಗಳು ಟಿಕೆಟ್ ಮಾರುವುದು ಹೇಗೆ? ಕೆಲವು ಮೊದಲ ದಿನವೇ ಮುಗ್ಗರಿಸುವುದು ಯಾಕೆ? ಅದಕ್ಕಿಂತ ಮುಖ್ಯವಾಗಿ, ಒಂದು ದಿನದ ಸಂಭ್ರಮ ಮುಗಿದ ಮೇಲೆ ಮುಂದಿನ ವಾರದ ಮಾಮೂಲಿ ಪಂದ್ಯಕ್ಕೆ ಎಷ್ಟು ಜನ ಬರುತ್ತಾರೆ?

ಅಮೆರಿಕದಲ್ಲಿ ಕಾಲೇಜು ಆಟ ಅಂದರೆ ಎಷ್ಟು ದೊಡ್ಡದು ಅನ್ನುವುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಸೀಟುಗಳಿವೆ. ಅದಿರುವ ಆ್ಯನ್ ಆರ್ಬರ್ ಊರಿನ ಜನಸಂಖ್ಯೆಯೇ ಸುಮಾರು 1.2 ಲಕ್ಷ. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಂಥ ಎರಡನ್ನು ಅದರೊಳಗೆ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಲಿಂಕನ್‌ನಲ್ಲಿ ಪಂದ್ಯದ ದಿನ ಸ್ಟೇಡಿಯಂ ಒಳಗಿರುವ ಜನರೇ ರಾಜ್ಯದ ಮೂರನೇ ದೊಡ್ಡ ಊರು ಎಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಅದು ಲೆಕ್ಕದಲ್ಲೂ ನಿಜ. ಒಮಾಹಾ ಮತ್ತು ಲಿಂಕನ್ ಬಿಟ್ಟರೆ ಅಷ್ಟು ಜನರಿರುವ ಊರು ಆ ರಾಜ್ಯದಲ್ಲಿಲ್ಲ.

ಇಷ್ಟು ದೊಡ್ಡ ಮನೆ ಕಟ್ಟಿಕೊಂಡ ಮೇಲೆ ಅದನ್ನು ಪ್ರತಿ ವಾರ ತುಂಬಿಸಬೇಕು. ಅಲ್ಲೇ ತೊಂದರೆ. ಮೇಲಿನ ವಿಭಾಗದ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳ ಸರಾಸರಿ ಹಾಜರಾತಿ 2008ರ ಹೊತ್ತಿಗೆ 46 ಸಾವಿರ ದಾಟಿತ್ತು. ಅಲ್ಲಿಂದ ಇಳಿಯುತ್ತಾ ಬಂದು 2018ರಲ್ಲಿ 41,856ಕ್ಕೆ ನಿಂತಿತು. 1996ರಿಂದ ಈಚೆಗೆ ಅದೇ ಅತಿ ಕಡಿಮೆ. ಮನೆಯಲ್ಲಿ ದೊಡ್ಡ ಟಿವಿ ಇದೆ. ಎಲ್ಲ ಪಂದ್ಯಗಳೂ ಅದರಲ್ಲೇ ಬರುತ್ತವೆ. ಸ್ಟೇಡಿಯಂಗೆ ಹೋದರೆ ಪಾರ್ಕಿಂಗ್‌ಗೆ ದುಡ್ಡು, ತಿಂಡಿಗೆ ದುಡ್ಡು. ಟಿವಿ ಜಾಹೀರಾತು ಮುಗಿಯುವ ತನಕ ಆಟವೇ ನಿಂತಿರುತ್ತದೆ, ಬಿಸಿಲಲ್ಲಿ ಕೂತವರು ಕಾಯಬೇಕು. ಯಾರಿಗೆ ಬೇಕು ಅನ್ನಿಸಿದರೆ ತಪ್ಪೇನು?

ಅಷ್ಟೇ ಅಲ್ಲ, ಪ್ರಕಟವಾಗುವ ಹಾಜರಾತಿಯೂ ನಿಜದ್ದಲ್ಲ. ಅಲ್ಲಿ ಸಾಮಾನ್ಯವಾಗಿ ಹೇಳುವುದು ಹಂಚಿದ ಟಿಕೆಟ್‌ಗಳ ಲೆಕ್ಕ. ಗೇಟಿನಲ್ಲಿ ಸ್ಕ್ಯಾನ್ ಆದ ಟಿಕೆಟ್‌ಗಳ ಲೆಕ್ಕ ಬೇರೆಯೇ ಇರುತ್ತದೆ. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 2018ರಲ್ಲಿ ವಿಶ್ವವಿದ್ಯಾಲಯಗಳ ದಾಖಲೆ ತರಿಸಿ ನೋಡಿತು. ಹೇಳಿದ ಸಂಖ್ಯೆಯ ಸುಮಾರು ಶೇ 71ರಷ್ಟು ಜನ ಮಾತ್ರ ಒಳಗೆ ಬಂದಿದ್ದರು. 100 ಜನ ಬಂದರು ಅಂದರೆ ಬಂದಿದ್ದು 71. ಉಳಿದವರು ಟಿಕೆಟ್ ಇದ್ದೂ ಮನೆಯಲ್ಲೇ ಉಳಿದವರು, ಇಲ್ಲವೇ ಪುಕ್ಕಟೆ ಸಿಕ್ಕಿದ್ದನ್ನು ಜೇಬಿನಲ್ಲೇ ಇಟ್ಟುಕೊಂಡವರು.

ಸಣ್ಣ ಕಾಲೇಜುಗಳಿಗೆ ಇದು ಅಳಿವು ಉಳಿವಿನ ಮಾತಾಗಿತ್ತು. ಮೇಲಿನ ವಿಭಾಗದಲ್ಲಿ ಉಳಿಯಬೇಕಾದರೆ ಸರಾಸರಿ 15,000 ಹಾಜರಾತಿ ತೋರಿಸಬೇಕು ಎಂಬ ನಿಯಮ ಎನ್‌ಸಿಎಎಯದ್ದು. ಕಾಲೇಜು ಆಟಗಳನ್ನು ಆಳುವ ಸಂಸ್ಥೆ ಅದು. ಆ ನಿಯಮ ದಾಟಲು ಪ್ರಾಯೋಜಕರ ದುಡ್ಡಿನಲ್ಲಿ ಅಗ್ಗದ ದರಕ್ಕೆ ಸಾವಿರಾರು ಟಿಕೆಟ್ ಖರೀದಿಸಿದ ಹಾಗೆ ತೋರಿಸುವ ದಾರಿಗಳೂ ಹುಟ್ಟಿಕೊಂಡವು. 2023ರಲ್ಲಿ ಆ ನಿಯಮವನ್ನೇ ತೆಗೆದುಹಾಕಿದರು. ಒಳ್ಳೆಯದೇ ಆಯಿತು. ಕುರ್ಚಿಯಲ್ಲಿ ಮನುಷ್ಯ ಇಲ್ಲದೆ ಕಾಗದದಲ್ಲಿ ಮಾತ್ರ ಇದ್ದರೆ ಆಟಗಾರರಿಗೆ ಅದರಿಂದ ಬಂದದ್ದೇನು?

ಜನರನ್ನು ಸೆಳೆಯುವ ಸಾಹಸ ಇವತ್ತಿನದಲ್ಲ. 1968ರ ಜನವರಿ 20ರಂದು ಹ್ಯೂಸ್ಟನ್ ಮತ್ತು ಯುಸಿಎಲ್‌ಎ ವಿಶ್ವವಿದ್ಯಾಲಯಗಳ ನಡುವಿನ ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ಬೇಸ್‌ಬಾಲ್ ಆಡುವ ಆಸ್ಟ್ರೋಡೋಮ್‌ಗೆ ಸಾಗಿಸಿದರು. 52,693 ಜನ ಬಂದರು. 47 ಪಂದ್ಯ ಸತತವಾಗಿ ಗೆದ್ದಿದ್ದ ಯುಸಿಎಲ್‌ಎ ಅಂದು 71-69ರಿಂದ ಸೋತಿತು. 1971ರಲ್ಲಿ ಮೇರಿಲ್ಯಾಂಡ್‌ನ ಕೋಚ್ ಲೆಫ್ಟಿ ಡ್ರೀಸೆಲ್ ಇನ್ನೊಂದು ಕೆಲಸ ಮಾಡಿದರು. ಅಭ್ಯಾಸ ಶುರು ಮಾಡಲು ಅಕ್ಟೋಬರ್ 15ರವರೆಗೆ ಕಾಯಬೇಕು ಎಂಬ ನಿಯಮವಿತ್ತು. ಸರಿ, 15ನೇ ತಾರೀಖು ಶುರುವಾಗುವುದು ಮಧ್ಯರಾತ್ರಿ ಅಲ್ವಾ? 12 ಗಂಟೆ ದಾಟುತ್ತಿದ್ದಂತೆ ಹುಡುಗರನ್ನು ಓಡಿಸಿದರು. ಅದನ್ನು ನೋಡಲು ವಿದ್ಯಾರ್ಥಿಗಳು ಬಂದು ಸೇರಿದರು. ಮುಂದೆ ದೇಶದ ಎಷ್ಟೋ ಕಾಲೇಜುಗಳಲ್ಲಿ ಅದು ‘ಮಿಡ್‌ನೈಟ್ ಮ್ಯಾಡ್‌ನೆಸ್’ ಎಂಬ ಹಬ್ಬವೇ ಆಯಿತು. ಒಂದು ಪೈಸೆ ಖರ್ಚಿಲ್ಲದ ಉಪಾಯ.

2001ರ ಅಕ್ಟೋಬರ್ 6ರಂದು ಮಿಷಿಗನ್ ಸ್ಟೇಟ್ ತನ್ನ ಫುಟ್‌ಬಾಲ್ ಮೈದಾನದಲ್ಲಿ ಮಂಜುಗಡ್ಡೆ ಹಾಸಿ ಐಸ್ ಹಾಕಿ ಆಡಿಸಿತು. 74,544 ಜನ ನೋಡಿದರು. ಮುಂದೆ ವೃತ್ತಿಪರ ಲೀಗೇ ಈ ಬಯಲು ಹಾಕಿಯ ದಾರಿ ಹಿಡಿಯಿತು. 2010ರಲ್ಲಿ ಮಿಷಿಗನ್ ಅದೇ ಆಟವನ್ನು ತನ್ನ ದೊಡ್ಡ ಸ್ಟೇಡಿಯಂಗೆ ತಂದಿತು. 1,13,411 ಜನ ಎಂದು ಘೋಷಿಸಿದರು. ಗಿನ್ನೆಸ್‌ನವರು ಲೆಕ್ಕ ಹಾಕಿ ಒಪ್ಪಿದ್ದು 1,04,173. ಅದೂ ವಿಶ್ವದಾಖಲೆಯೇ. ಆದರೆ ಆ ಒಂಬತ್ತು ಸಾವಿರದ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಹೇಳಿದ ಲೆಕ್ಕಕ್ಕೂ ಗೇಟಿನ ಲೆಕ್ಕಕ್ಕೂ ಇರುವ ದೂರ ಅದು.

ಜಾಗ ಬದಲಿಸುವ ಹುಚ್ಚು ಸಮುದ್ರಕ್ಕೂ ಹೋಯಿತು. 2011ರ ನವೆಂಬರ್ 11ರಂದು ಸ್ಯಾನ್ ಡಿಯಾಗೊದಲ್ಲಿ ನಿಂತಿದ್ದ ಕಾರ್ಲ್ ವಿನ್ಸನ್ ಎಂಬ ವಿಮಾನವಾಹಕ ಯುದ್ಧನೌಕೆಯ ಮೇಲೆ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಕಟ್ಟಿದರು. ನಾರ್ತ್ ಕ್ಯಾರೋಲಿನಾ ಮತ್ತು ಮಿಷಿಗನ್ ಸ್ಟೇಟ್ ಆಡಿದವು. ಅಧ್ಯಕ್ಷ ಒಬಾಮ ಅವರೇ ಬಂದು ಕೂತಿದ್ದರು. ಟಿವಿಯಲ್ಲಿ ಅದ್ಭುತವಾಗಿ ಕಂಡಿತು. ಮರುವರ್ಷ ಎಲ್ಲರಿಗೂ ಹಡಗು ಬೇಕಾಯಿತು. 2012ರ ನವೆಂಬರ್ 9ರಂದು ಫ್ಲಾರಿಡಾದ ಜ್ಯಾಕ್ಸನ್‌ವಿಲ್‌ನಲ್ಲಿ ಒಂದು, ಸೌತ್ ಕ್ಯಾರೋಲಿನಾದ ಚಾರ್ಲ್ಸ್‌ಟನ್‌ನಲ್ಲಿ ಇನ್ನೊಂದು. ಸಂಜೆಯಾಗುತ್ತಲೇ ಮರದ ನೆಲದ ಮೇಲೆ ಇಬ್ಬನಿ ಕೂರತೊಡಗಿತು. ಟವೆಲ್ ಹಿಡಿದು ಒರೆಸಿದರು. ಒರೆಸಿದಷ್ಟೂ ಒದ್ದೆ. ಜ್ಯಾಕ್ಸನ್‌ವಿಲ್ ಪಂದ್ಯ ಅರ್ಧಕ್ಕೇ ನಿಂತಿತು. ಚಾರ್ಲ್ಸ್‌ಟನ್‌ನಲ್ಲಿ ಒಹಾಯೊ ಸ್ಟೇಟ್ ಮತ್ತು ಮಾರ್ಕ್ವೆಟ್ ವಿಶ್ವವಿದ್ಯಾಲಯಗಳ ಆಟ ಶುರುವಾಗಲೇ ಇಲ್ಲ. ದೂರದೂರದಿಂದ ಬಂದು ಕೂತಿದ್ದವರು ಹಾಗೇ ಎದ್ದು ಹೋದರು. ಆಡುವ ಹುಡುಗರ ಕಾಲು ಜಾರುತ್ತದೆಯೇ ಅಂತ ಮೊದಲು ಯೋಚಿಸದೆ, ಕ್ಯಾಮೆರಾಕ್ಕೆ ಹೇಗೆ ಕಾಣುತ್ತದೆ ಅಂತ ಯೋಚಿಸಿದರೆ ಆಗುವುದು ಹೀಗೇ.

ಈಗ ಮಿಷಿಗನ್‌ಗೆ ಮತ್ತೆ ಬರೋಣ. ಈ ವಿಷಯದಲ್ಲಿ ನಾನು ತುಂಬಾ ಹೊತ್ತು ಯೋಚಿಸಿದ್ದು ಇದೇ ಪ್ರಕರಣದ ಬಗ್ಗೆ.

1975ರಿಂದ ಅಲ್ಲಿನ ಪ್ರತಿಯೊಂದು ಫುಟ್‌ಬಾಲ್ ಪಂದ್ಯಕ್ಕೂ ಲಕ್ಷದ ಮೇಲೆ ಜನ ಬಂದಿದ್ದರು. ಅದು ಆ ಊರಿನ ಮಾನ. 2010ರಲ್ಲಿ ಡೇವ್ ಬ್ರ್ಯಾಂಡನ್ ಕ್ರೀಡಾ ವಿಭಾಗದ ಮುಖ್ಯಸ್ಥರಾಗಿ ಬಂದರು. ಅದಕ್ಕೂ ಮುಂಚೆ ಅವರು ಡಾಮಿನೋಸ್ ಪಿಜ್ಜಾ ಕಂಪನಿಯ ಮುಖ್ಯಸ್ಥರಾಗಿದ್ದವರು. ಅವರ ಕಾಲದಲ್ಲಿ ಪ್ರಚಾರಕ್ಕೆ ಬರವಿರಲಿಲ್ಲ. 2013ರಲ್ಲಿ ಒಂದು ಮ್ಯಾಕರೋನಿ ಕಂಪನಿಯ ದೈತ್ಯ ನೂಡಲ್ ಪ್ರತಿಮೆ ಸ್ಟೇಡಿಯಂನಲ್ಲಿ ಕಾಣಿಸಿಕೊಂಡಿತು, ಅಭಿಮಾನಿಗಳು ಸಿಟ್ಟಾದ ಮೇಲೆ ಮಾಯವಾಯಿತು. ಅದೇ ವರ್ಷ ಎದುರಾಳಿ ಕಾಲೇಜಿನ ಸ್ಟೇಡಿಯಂ ಮೇಲೆ ವಿಮಾನದ ಹೊಗೆಯಲ್ಲಿ ‘ಗೋ ಬ್ಲೂ’ ಎಂಬ ಮಿಷಿಗನ್ ಘೋಷಣೆ ಬರೆಸಿದರು. ಇತ್ತ ವಿದ್ಯಾರ್ಥಿಗಳ ಸೀಸನ್ ಟಿಕೆಟ್ 295 ಡಾಲರ್‌ವರೆಗೆ ಏರಿತು. ಹಿರಿಯ ವಿದ್ಯಾರ್ಥಿಗಳಿಗೆ ಮುಂದಿನ ಸಾಲು ಸಿಗುತ್ತಿದ್ದ ಹಳೆಯ ಪದ್ಧತಿಯನ್ನು ತೆಗೆದು, ಮೊದಲು ಬಂದವರಿಗೆ ಮೊದಲ ಸೀಟು ಎಂದರು. ಸ್ನೇಹಿತರ ಗುಂಪು ಒಟ್ಟಿಗೆ ಕೂರುವ ನೆಮ್ಮದಿ ಹೋಯಿತು. 2014ರಲ್ಲಿ ಟಿಕೆಟ್ ಕೊಂಡ ವಿದ್ಯಾರ್ಥಿಗಳ ಸಂಖ್ಯೆ ಸಾವಿರಗಟ್ಟಲೆ ಕುಸಿಯಿತು.

ಆಗ ಬಂತು ಕೋಕ್ ಪ್ರಸಂಗ. 2014ರ ಸೆಪ್ಟೆಂಬರ್‌ನಲ್ಲಿ ಮಿನೆಸೊಟಾ ವಿರುದ್ಧದ ಪಂದ್ಯಕ್ಕೆ, ಎರಡು ಕೋಕ್ ಬಾಟಲಿ ಕೊಂಡರೆ ಎರಡು ಟಿಕೆಟ್ ಫ್ರೀ ಎಂಬ ಬೋರ್ಡ್ ಕಾಣಿಸಿತು. ಎರಡು ಬಾಟಲಿಗೆ ಸುಮಾರು ಮೂರು ಡಾಲರ್. ಒಮ್ಮೆ ಆ ಊರಿನ ಕಾಯಂ ಅಭಿಮಾನಿಯ ಜಾಗದಲ್ಲಿ ನಿಂತು ನೋಡಿ. ವರ್ಷಗಟ್ಟಲೆ ಉಳಿಸಿ ಪೂರ್ತಿ ಬೆಲೆ ಕೊಟ್ಟು ಕೊಂಡ ಟಿಕೆಟ್ ನಿಮ್ಮ ಕೈಯಲ್ಲಿದೆ. ಪಕ್ಕದ ಸೀಟಿಗೆ ಬಂದವರು ಅದನ್ನು ತಂಪು ಪಾನೀಯದ ಜೊತೆ ಪಡೆದಿದ್ದಾರೆ. ನಿಮ್ಮ ಟಿಕೆಟ್‌ನ ಬೆಲೆ ಎಷ್ಟು ಅಂತ ಆ ಕ್ಷಣಕ್ಕೆ ಗೊತ್ತಾಗಿಬಿಡುತ್ತದೆ. ವಿಶ್ವವಿದ್ಯಾಲಯ ಕೂಡಲೇ ಆ ಯೋಜನೆ ನಿಲ್ಲಿಸಿತು, ಆದರೆ ಆಗಬಾರದ್ದು ಆಗಿತ್ತು. ಅದೇ ಪಂದ್ಯದಲ್ಲಿ ತಲೆಗೆ ಪೆಟ್ಟಾಗಿ ತೂರಾಡುತ್ತಿದ್ದ ಹುಡುಗನನ್ನು ಮತ್ತೆ ಮೈದಾನಕ್ಕಿಳಿಸಿದರು. ಅದು ಕೋಕ್‌ಗಿಂತ ಎಷ್ಟೋ ದೊಡ್ಡ ತಪ್ಪು. ವಿದ್ಯಾರ್ಥಿಗಳು ಬೀದಿಗಿಳಿದರು. ಅಕ್ಟೋಬರ್ 31ಕ್ಕೆ ಬ್ರ್ಯಾಂಡನ್ ರಾಜೀನಾಮೆ ಕೊಟ್ಟರು. ಮುಂದಿನ ವರ್ಷ ವಿದ್ಯಾರ್ಥಿ ಟಿಕೆಟ್ 175 ಡಾಲರ್‌ಗೆ ಇಳಿಯಿತು. ಅದಕ್ಕೆ ಯಾವ ಗಿಮಿಕ್ಕೂ ಬೇಕಾಗಿರಲಿಲ್ಲ, ನೇರವಾಗಿ ಬೆಲೆ ಇಳಿಸಿದರು, ಅಷ್ಟೇ.

ಅಲಬಾಮಾದ್ದು ಇನ್ನೊಂದು ರೀತಿ. ಅಲ್ಲಿ ತಂಡ ಎಷ್ಟು ಬಲವಾಗಿತ್ತೆಂದರೆ ಅರ್ಧ ಆಟಕ್ಕೇ ಫಲಿತಾಂಶ ಗೊತ್ತಾಗುತ್ತಿತ್ತು, ವಿದ್ಯಾರ್ಥಿಗಳು ಎದ್ದು ಹೋಗುತ್ತಿದ್ದರು. ಕೋಚ್ ನಿಕ್ ಸೇಬನ್‌ಗೆ ಅದು ಬೇಸರ ತಂದಿತ್ತು. 2019ರಲ್ಲಿ ವಿಶ್ವವಿದ್ಯಾಲಯ ಒಂದು ಆ್ಯಪ್ ತಂದಿತು. ಬಂದರೆ 100 ಪಾಯಿಂಟ್, ಕೊನೆಯ ಕಾಲು ಭಾಗದವರೆಗೆ ಕೂತರೆ ಇನ್ನೂ 250. ಪಾಯಿಂಟ್ ಜಾಸ್ತಿ ಇದ್ದವರಿಗೆ ದೊಡ್ಡ ಪಂದ್ಯಗಳ ಟಿಕೆಟ್‌ನಲ್ಲಿ ಮೊದಲ ಆದ್ಯತೆ. ಆದರೆ ಯಾರು ಕೂತಿದ್ದಾರೆ ಅಂತ ಆ್ಯಪ್‌ಗೆ ಗೊತ್ತಾಗಬೇಕಾದರೆ ಫೋನ್ ಎಲ್ಲಿದೆ ಅಂತ ಅದು ನೋಡಬೇಕು. ಹುಡುಗರನ್ನು ಹಿಂಬಾಲಿಸುತ್ತಿದ್ದೀರಿ ಎಂಬ ಟೀಕೆ ದೇಶದ ತುಂಬಾ ಎದ್ದಿತು. ಪ್ರೀತಿಯಿಂದ ಕೂರಬೇಕಾದ ಜಾಗದಲ್ಲಿ ಹಾಜರಿ ಪುಸ್ತಕ ಇಟ್ಟ ಹಾಗಾಯಿತು.

ಇದಕ್ಕೆ ತದ್ವಿರುದ್ಧವಾದ ಕಥೆ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ್ದು. ಟೆಂಪಿ ಎಂಬ ಊರು. ನಮ್ಮ ಕಡೆಯಿಂದ ಎಂ.ಎಸ್. ಮಾಡಲು ಹೋಗುವ ಎಷ್ಟೋ ಹುಡುಗ ಹುಡುಗಿಯರಿಗೆ ಪರಿಚಿತ ಜಾಗ. ಅಲ್ಲಿ ಫೀಸಿನ ಜೊತೆ ಕ್ರೀಡಾ ಶುಲ್ಕವೂ ಸೇರಿರುತ್ತದೆ, ಅದನ್ನು ಕಟ್ಟಿದ ವಿದ್ಯಾರ್ಥಿಗೆ ಪಂದ್ಯಕ್ಕೆ ಬೇರೆ ಟಿಕೆಟ್ ಬೇಕಿಲ್ಲ. ಹಾಗಾಗಿ ಬೆಲೆ ಇಳಿಸಿ ಕರೆಯುವ ಮಾತೇ ಇಲ್ಲ. ಹೋಗಲು ಕಾರಣ ಬೇಕು, ಅಷ್ಟೇ.

2013ರಲ್ಲಿ ಆ ಕಾರಣವನ್ನು ವಿದ್ಯಾರ್ಥಿಗಳ ಗುಂಪೊಂದು ಹುಡುಕಿತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಫ್ರೀ ಥ್ರೋ ಎಂಬುದೊಂದಿದೆ. ಎದುರಾಳಿ ಗೆರೆಯ ಮೇಲೆ ಒಬ್ಬನೇ ನಿಂತು, ಯಾರ ಅಡ್ಡಿಯೂ ಇಲ್ಲದೆ ಬುಟ್ಟಿಗೆ ಚೆಂಡು ಹಾಕುತ್ತಾನೆ. ಬುಟ್ಟಿಯ ಹಿಂದಿನ ಗ್ಯಾಲರಿಯಲ್ಲಿ ಇವರು ಒಂದು ಕಪ್ಪು ಪರದೆ ಹಿಡಿದು ನಿಂತರು. ಆಟಗಾರ ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದು, ಉಸಿರು ಎಳೆದು, ಕೈ ಎತ್ತುವ ಹೊತ್ತಿಗೆ ಪರದೆ ಸರ್ರನೆ ಸರಿಯುತ್ತದೆ. ಹಿಂದೆ ಕುದುರೆ ಮುಖವಾಡ ಹಾಕಿಕೊಂಡ ಇಬ್ಬರು ಮುದ್ದಾಡುತ್ತಿರುತ್ತಾರೆ. ಇಲ್ಲವೇ ಇನ್ನೇನೋ ವಿಚಿತ್ರ ವೇಷ ಕುಣಿಯುತ್ತಿರುತ್ತದೆ. ಇಡೀ ಗ್ಯಾಲರಿ ಕಿರುಚುತ್ತದೆ. ಹೆಸರು ‘ಕರ್ಟನ್ ಆಫ್ ಡಿಸ್ಟ್ರಾಕ್ಷನ್’. ಗಮನ ಕೆಡಿಸುವ ಪರದೆ.

2016ರ ಜನವರಿಯಲ್ಲಿ ಆ ಪರದೆ ಸರಿದಾಗ ನಿಂತಿದ್ದವರು ಮೈಕೆಲ್ ಫೆಲ್ಪ್ಸ್. ಈಜು ಚಡ್ಡಿ, ತಲೆಗೆ ಟೋಪಿ, ಕೊರಳ ತುಂಬಾ ಒಲಿಂಪಿಕ್ ಪದಕ. ಅವರ ಕೋಚ್ ಅದೇ ವಿಶ್ವವಿದ್ಯಾಲಯದಲ್ಲಿದ್ದರು, ಫೆಲ್ಪ್ಸ್ ಅಲ್ಲೇ ಅಭ್ಯಾಸ ಮಾಡುತ್ತಿದ್ದರು. ಓರೆಗಾನ್ ಸ್ಟೇಟ್‌ನ ಪಾಪದ ಹುಡುಗ ಎರಡೂ ಎಸೆತ ತಪ್ಪಿದ. ಆ ವಿಡಿಯೊ ಜಗತ್ತೆಲ್ಲ ಸುತ್ತಿತು.

ನ್ಯೂಯಾರ್ಕ್ ಟೈಮ್ಸ್ 2015ರಲ್ಲೇ ಅಂಕಿಅಂಶ ಹಿಡಿದು ಲೆಕ್ಕ ಹಾಕಿತ್ತು. ಆ ಪರದೆಯಿಂದ ತಂಡಕ್ಕೆ ಪಂದ್ಯಕ್ಕೊಂದು ಎರಡು ಪಾಯಿಂಟ್ ಲಾಭ ಇದ್ದಂತೆ ಕಾಣುತ್ತದೆ ಎಂದಿತು. ನನಗೆ ಆ ಪಾಯಿಂಟ್‌ಗಿಂತ ಮುಖ್ಯ ಅನ್ನಿಸುವುದು ಇನ್ನೊಂದು. ಗ್ಯಾಲರಿಯಲ್ಲಿ ಕೂತ ಹುಡುಗನಿಗೆ ಮೊದಲ ಸಲ ಒಂದು ಕೆಲಸ ಸಿಕ್ಕಿತು. ತಾನು ಬರದಿದ್ದರೆ ಪರದೆಯ ಒಂದು ತುದಿ ಹಿಡಿಯಲು ಕೈ ಕಡಿಮೆಯಾಗುತ್ತದೆ. ಮುಂದಿನ ವೇಷ ಏನು ಅಂತ ರಾತ್ರಿ ಕೂತು ಯೋಚಿಸಬೇಕು. ಮನೆಯ ಟಿವಿ ಎಷ್ಟೇ ದೊಡ್ಡದಿರಲಿ, ಅದು ಇಂಥ ಕೆಲಸ ಕೊಡುವುದಿಲ್ಲ.

ಇದೇ ಮಾತು ಇಂಡಿಯಾನಾದ ಟೇಲರ್ ಎಂಬ ಸಣ್ಣ ಕಾಲೇಜಿಗೂ ಸಲ್ಲುತ್ತದೆ. ಡಿಸೆಂಬರ್‌ನಲ್ಲಿ, ಪರೀಕ್ಷೆಗೆ ಮುಂಚಿನ ಶುಕ್ರವಾರ, ಅವರ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ವಿದ್ಯಾರ್ಥಿಗಳು ಚಿತ್ರವಿಚಿತ್ರ ವೇಷ ಹಾಕಿಕೊಂಡು ಬರುತ್ತಾರೆ. ಪಂದ್ಯ ಶುರುವಾಗುತ್ತದೆ. ಒಂದು ಸದ್ದಿಲ್ಲ. ಚೆಂಡು ನೆಲಕ್ಕೆ ಬಡಿಯುವ ಶಬ್ದ, ಬೂಟು ಉಜ್ಜುವ ಕೀಚಲು, ಕೋಚ್ ಕೂಗುವುದು, ಇಷ್ಟೇ ಕೇಳುತ್ತದೆ. ಟೇಲರ್ ತಂಡ 8ಕ್ಕೆ ಬಂತು. ಎಲ್ಲರೂ ಉಸಿರು ಬಿಗಿ ಹಿಡಿದಿದ್ದಾರೆ. ಹತ್ತನೇ ಪಾಯಿಂಟ್ ಬಿತ್ತು ನೋಡಿ, ಕಟ್ಟೆ ಒಡೆದ ಹಾಗೆ ಇಡೀ ಹಾಲ್ ಸಿಡಿಯುತ್ತದೆ. ಜನ ಕುಣಿಯುತ್ತಾ ಕೋರ್ಟಿಗೇ ನುಗ್ಗುತ್ತಾರೆ. ಪಂದ್ಯದ ಕೊನೆಗೆ ಎಲ್ಲರೂ ಹೆಗಲ ಮೇಲೆ ಕೈ ಹಾಕಿಕೊಂಡು ಕ್ರಿಸ್‌ಮಸ್ ಹಾಡು ಹಾಡುತ್ತಾರೆ. ಇದಕ್ಕೆ ಬೇಕಾದ ಬಂಡವಾಳ ಎಷ್ಟು? ಸುಮ್ಮನಿರಬೇಕು, ಅಷ್ಟೇ. ಪೆಪ್ಸಿ ಬೇಡ, ಕೋಕ್ ಬೇಡ, ಯುದ್ಧನೌಕೆಯೂ ಬೇಡ.

ಉತ್ತರ ಕ್ಯಾರೋಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್ ಅಂಗಣಕ್ಕೆ ಹಿಡಿಸುವುದೇ 9,314 ಜನ. ಅದೇ ರಾಜ್ಯದ ನಾರ್ತ್ ಕ್ಯಾರೋಲಿನಾ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯಕ್ಕೆ ಒಳಗೆ ಹೋಗಲು ವಿದ್ಯಾರ್ಥಿಗಳು ವಾರಗಟ್ಟಲೆ ಹೊರಗೆ ಟೆಂಟ್ ಹಾಕಿ ಮಲಗುತ್ತಾರೆ. 1986ರಲ್ಲಿ ಶುರುವಾದ ಪದ್ಧತಿ. ಚಳಿಯಲ್ಲಿ ಸರದಿ ಪ್ರಕಾರ ಟೆಂಟ್ ಕಾಯಬೇಕು, ರಾತ್ರಿ ತಪಾಸಣೆಗೆ ಬಂದಾಗ ಇರಬೇಕು. ನಿಯಮ ನೋಡಿಕೊಳ್ಳುವವರೂ ವಿದ್ಯಾರ್ಥಿಗಳೇ. ಕಷ್ಟಪಟ್ಟು ಪಡೆದ ಸೀಟನ್ನು ಯಾರೂ ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ. ಅಲಬಾಮಾದ ಆ್ಯಪ್ ದುಡ್ಡು ಸುರಿದು ಹುಡುಕಿದ್ದು ಇದನ್ನೇ.

ಈ ಗುಟ್ಟನ್ನು ಪೂರ್ತಿ ಅರ್ಥ ಮಾಡಿಕೊಂಡವರು ಸವಾನಾ ಬನಾನಾಸ್ ತಂಡದ ಜೆಸ್ಸಿ ಕೋಲ್ ಎಂದು ನನ್ನ ಅನಿಸಿಕೆ. ಜಾರ್ಜಿಯಾದ ಸವಾನಾ ಊರಿನ ಹಳೆಯ ಬೇಸ್‌ಬಾಲ್ ಮೈದಾನವನ್ನು ವೃತ್ತಿಪರ ತಂಡ ಬಿಟ್ಟು ಹೋಗಿತ್ತು. 2016ರಲ್ಲಿ ಅಲ್ಲಿ ಬೇಸಿಗೆ ರಜೆಯಲ್ಲಿ ಕಾಲೇಜು ಹುಡುಗರು ಆಡುವ ಲೀಗ್‌ನ ತಂಡವೊಂದನ್ನು ಕೋಲ್ ದಂಪತಿ ಶುರು ಮಾಡಿದರು. ಮೊದಲ ತಿಂಗಳುಗಳಲ್ಲಿ ಟಿಕೆಟ್ ಮಾರಾಟವೇ ಆಗಲಿಲ್ಲ. ಸಾಲ ತೀರಿಸಲು ಮನೆ ಮಾರಿ, ಗಾಳಿ ತುಂಬುವ ಹಾಸಿಗೆಯ ಮೇಲೆ ಮಲಗಿದರು. ತಂಡಕ್ಕೆ ಬಾಳೆಹಣ್ಣಿನ ಹೆಸರಿಟ್ಟಾಗ ಊರಿನವರು ಬೈದರು. ಆದರೆ ಹೆಸರು ದೇಶದ ತುಂಬಾ ಕೇಳಿತು. ಹಳದಿ ಕೋಟು ತೊಟ್ಟ ಮಾಲೀಕ, ಕುಣಿಯುವ ಕೋಚ್, ಅಜ್ಜಿಯರ ಡ್ಯಾನ್ಸ್ ತಂಡ. ಇದೆಲ್ಲ ಮೇಲೆ ಕಾಣುವುದು. ಕೆಳಗೆ ಇದ್ದದ್ದು ಗಟ್ಟಿ ಲೆಕ್ಕ. ಟಿಕೆಟ್ ಬೆಲೆಯಲ್ಲೇ ಊಟ ಸೇರಿತ್ತು, ಬರ್ಗರ್, ಹಾಟ್‌ಡಾಗ್ ಎಷ್ಟು ಬೇಕಾದರೂ. 2020ರಲ್ಲಿ ಮೈದಾನದ ಜಾಹೀರಾತು ಫಲಕಗಳನ್ನೇ ತೆಗೆದರು. ಬಂದವರಿಗೆ ಜೇಬು ಕತ್ತರಿಸಿದ ಹಾಗೆ ಅನ್ನಿಸಬಾರದು ಅನ್ನುವುದೇ ಉದ್ದೇಶ.

ಆಮೇಲೆ ಆಟದ ನಿಯಮವನ್ನೇ ಬದಲಿಸಿದರು. ಎರಡು ಗಂಟೆಯ ಮಿತಿ. ಗ್ಯಾಲರಿಗೆ ಹಾರಿದ ಫೌಲ್ ಚೆಂಡನ್ನು ಪ್ರೇಕ್ಷಕರು ಹಿಡಿದರೆ ಬ್ಯಾಟರ್ ಔಟ್! ಮೂರನೇ ಸಾಲಿನಲ್ಲಿ ಕೂತ ಮಗುವಿನ ಕೈಯಲ್ಲೂ ಆಟವಿದೆ. 2022ರ ನಂತರ ಅವರು ಕಾಲೇಜು ಲೀಗ್ ಬಿಟ್ಟು ತಮ್ಮದೇ ಆಟ ಹಿಡಿದು ಊರೂರು ಸುತ್ತಿದರು. 2025ರ ಏಪ್ರಿಲ್‌ನಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿದಾಗ 81,000 ಜನ ಸೇರಿದ್ದರು.

ಕ್ಯಾಮೆರಾಕ್ಕೆ ಮಾಡಿದ್ದು ಬೇರೆ, ಕುರ್ಚಿಗೆ ಮಾಡಿದ್ದು ಬೇರೆ ಎನ್ನಲು ಪಾಪ್ ಟಾರ್ಟ್ಸ್ ಎಂಬ ತಿಂಡಿಯ ಹೆಸರಲ್ಲಿ ನಡೆಯುವ ಕಾಲೇಜು ಫುಟ್‌ಬಾಲ್ ಪಂದ್ಯ, ಪಾಪ್ ಟಾರ್ಟ್ಸ್ ಬೌಲ್, ಒಳ್ಳೆಯ ಉದಾಹರಣೆ. 2023ರ ಡಿಸೆಂಬರ್ 28ರಂದು ಒರ್ಲಾಂಡೊದಲ್ಲಿ ಕ್ಯಾನ್ಸಸ್ ಸ್ಟೇಟ್ ಗೆದ್ದ ಮೇಲೆ, ಸ್ಟ್ರಾಬೆರಿ ತಿಂಡಿಯ ವೇಷದ ಮ್ಯಾಸ್ಕಾಟ್ ದೈತ್ಯ ಟೋಸ್ಟರ್ ಒಳಗೆ ಇಳಿಯಿತು. ಕೆಳಗಿನಿಂದ ನಿಜವಾದ ತಿಂಡಿ ಹೊರಬಂತು, ಆಟಗಾರರು ಕಿತ್ತು ತಿಂದರು. ಅಮೆರಿಕದಲ್ಲಿ ಆ ವಾರ ಎಲ್ಲರ ಬಾಯಲ್ಲೂ ಅದೇ. ಕಂಪನಿಗೆ ಸಿಕ್ಕ ಪ್ರಚಾರಕ್ಕೆ ಬೆಲೆ ಕಟ್ಟುವುದು ಕಷ್ಟ. ಆದರೆ 60 ಸಾವಿರ ಸೀಟಿನ ಆ ಸ್ಟೇಡಿಯಂನಲ್ಲಿ ಕೂತಿದ್ದವರು ಸುಮಾರು 31 ಸಾವಿರ ಜನ. ತಿಂಡಿ ಮಾರುವುದು ಗುರಿಯಾಗಿದ್ದರೆ ಅದು ಪೂರ್ತಿ ಗೆದ್ದ ಗಿಮಿಕ್. ಕಾಲೇಜಿನ ಟಿಕೆಟ್ ಮಾರುವ ಕಿಟಕಿಯಲ್ಲಿ ಕೂತವರಿಗೆ ಅದರಿಂದ ಏನೂ ಸಿಗಲಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ‘ವೈರಲ್ ಆಯ್ತು’ ಎಂದು ಸಂಭ್ರಮಿಸುವುದೇ ಇವತ್ತಿನ ದೊಡ್ಡ ಗೊಂದಲ.

ಈ ಗೊಂದಲ ಈಗ ಯಾಕೆ ದುಬಾರಿ ಅಂದರೆ, ಕಾಲೇಜುಗಳಿಗೆ ನಿಜವಾದ ದುಡ್ಡು ಬೇಕಾಗಿದೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಗಳಿಸಬಹುದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್‌ವರೆಗೆ. ಬೆವರು ಸುರಿಸುವ ಹುಡುಗರಿಗೆ ಪಾಲು ಸಿಗುವುದು ನ್ಯಾಯವೇ. ಆದರೆ ಅದು ಎಲ್ಲಿಂದ ಬರಬೇಕು? ಟೆನೆಸ್ಸಿ ವಿಶ್ವವಿದ್ಯಾಲಯ 2025ರ ಟಿಕೆಟ್‌ಗಳ ಮೇಲೆ ಶೇ 10ರಷ್ಟು ‘ಪ್ರತಿಭಾ ಶುಲ್ಕ’ ಹಾಕಿತು. ಒಂದು ಕೈಯಲ್ಲಿ ಬೆಲೆ ಏರಿಸಿ, ಇನ್ನೊಂದು ಕೈಯಲ್ಲಿ ಬನ್ನಿ ಬನ್ನಿ ಎಂದು ಕರೆಯುವ ಕಾಲ ಇದು. ಪುಕ್ಕಟೆ ಟೀಶರ್ಟ್ ಎಸೆಯುವ, ಬಾಟಲಿ ಜೊತೆ ಟಿಕೆಟ್ ಹಂಚುವ ಉಪಾಯಗಳು ಇನ್ನೂ ಜಾಸ್ತಿ ಆಗುತ್ತವೆ ಎಂದೇ ನನ್ನ ಅಂದಾಜು. ಟಿಕೆಟ್‌ನ ಗೌರವ ಕಳೆಯುವ ಉಪಾಯವನ್ನು ಮಿಷಿಗನ್ ಒಮ್ಮೆ ಮಾಡಿ ನೋಡಿದೆ. ಮತ್ತೆ ಯಾರೂ ಅದನ್ನು ಮಾಡದಿರಲಿ.

ಹಾಗಾದರೆ ಲಿಂಕನ್‌ನ ಆ 92,003? ಅದನ್ನು ಒಂದು ದಿನದ ಗಿಮಿಕ್ ಎಂದರೆ ತಪ್ಪಾಗುತ್ತದೆ. ನೆಬ್ರಾಸ್ಕಾದ ವಾಲಿಬಾಲ್ ತಂಡ ಅಷ್ಟು ಹೊತ್ತಿಗೆ ಐದು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. 2001ರಿಂದ ಅವರ ತವರಿನ ಪಂದ್ಯಗಳ ಟಿಕೆಟ್ ಒಂದೂ ಉಳಿದಿಲ್ಲ. ಸುಮಾರು ಎಂಟು ಸಾವಿರ ಜನ ಹಿಡಿಸುವ ಒಳಾಂಗಣಕ್ಕೆ ಟಿಕೆಟ್ ಸಿಗದೆ ಕಾದವರು ರಾಜ್ಯದ ತುಂಬಾ ಇದ್ದರು. 2022ರಲ್ಲಿ ವಿಸ್ಕಾನ್ಸಿನ್ 16,833 ಜನರನ್ನು ಸೇರಿಸಿ ಮಾಮೂಲಿ ಸೀಸನ್ ಪಂದ್ಯಗಳ ದಾಖಲೆ ಮಾಡಿತು. ಅದನ್ನು ಮೀರಿಸಬೇಕು ಎಂಬ ಹಟ ಇವರಿಗೆ ಬಂತು. ಸ್ಟೇಡಿಯಂ ಬಾಗಿಲು ತೆರೆದದ್ದು ಅದಕ್ಕೆ. ಇಪ್ಪತ್ತು ವರ್ಷ ಬಿತ್ತಿ ನೀರು ಹಾಕಿದ್ದರು, ಆಗಸ್ಟ್ 30ಕ್ಕೆ ಕೊಯ್ಲು ಮಾಡಿದರು. ಬಂದವರಿಗೂ ಒಂದು ಕೆಲಸವಿತ್ತು. ದಾಖಲೆಯ ಆ ಸಂಖ್ಯೆಯಲ್ಲಿ ತಾನೂ ಒಬ್ಬ ಆಗಬೇಕು. 5 ಡಾಲರ್ ಟಿಕೆಟ್‌ನಲ್ಲಿ ಬಂದ ಹುಡುಗಿ ಮುಂದೆ ಎಷ್ಟೋ ವರ್ಷ ‘ನಾನೂ ಅಲ್ಲಿದ್ದೆ’ ಎನ್ನುತ್ತಾಳೆ.

ಆರೂವರೆ ವಾರ ಕಳೆದ ಮೇಲೆ, ಅಕ್ಟೋಬರ್ 15ಕ್ಕೆ, ಪಕ್ಕದ ಅಯೋವಾ ರಾಜ್ಯದವರು ಕಿನ್ನಿಕ್ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಆಡಿಸಿದರು. ಕೇಟ್ಲಿನ್ ಕ್ಲಾರ್ಕ್ ಎಂಬ ತಾರೆ ಆ ತಂಡದಲ್ಲಿ ಆಡುತ್ತಿದ್ದ ಕಾಲ. ಗಾಳಿ ಬೀಸುತ್ತಿತ್ತು, ಚಳಿಯಿತ್ತು, 55,646 ಜನ ಬಂದರು. ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಹಿಂದಿನ ದಾಖಲೆ 29,619 ಇತ್ತು. ನಾನು ಕಾದು ನೋಡಿದ್ದು ಇದರ ಮುಂದಿನ ವರ್ಷವನ್ನು. ಕ್ಲಾರ್ಕ್ 2024ರಲ್ಲಿ ಕಾಲೇಜು ಮುಗಿಸಿ ವೃತ್ತಿಪರ ಲೀಗ್‌ಗೆ ಹೋದರು. ಜನರೂ ಅವರ ಜೊತೆ ಹೋಗುತ್ತಾರೆ ಎಂದೇ ಹಲವರ ಲೆಕ್ಕ. ಆದರೆ ಅಯೋವಾದ 2024-25ರ ಸೀಸನ್ ಟಿಕೆಟ್‌ಗಳೂ ಪೂರ್ತಿ ಮಾರಾಟವಾದವು.

ಕಿನ್ನಿಕ್ ಪಂದ್ಯದಿಂದ ಎರಡೂವರೆ ಲಕ್ಷ ಡಾಲರ್ ಹೋದದ್ದು ಸ್ಟೇಡಿಯಂ ಎದುರಿಗಿರುವ ಮಕ್ಕಳ ಆಸ್ಪತ್ರೆಗೆ. ಆ ಆಸ್ಪತ್ರೆಯ 12ನೇ ಮಹಡಿಯ ಕಿಟಕಿಯಿಂದ ಮೈದಾನ ಕಾಣುತ್ತದೆ. 2017ರಲ್ಲಿ ಒಬ್ಬ ಅಭಿಮಾನಿ ಫೇಸ್‌ಬುಕ್‌ನಲ್ಲಿ ಬರೆದರು: ಮೊದಲ ಕಾಲು ಭಾಗ ಮುಗಿದಾಗ ನಾವೆಲ್ಲ ಆ ಮಕ್ಕಳಿಗೆ ಕೈ ಬೀಸಿದರೆ ಹೇಗೆ? ಆ ಸೆಪ್ಟೆಂಬರ್‌ನಿಂದ ಪ್ರತಿ ಫುಟ್‌ಬಾಲ್ ಪಂದ್ಯದಲ್ಲೂ ಸುಮಾರು 70 ಸಾವಿರ ಜನ ಎದ್ದು ನಿಂತು, ಮೈದಾನಕ್ಕೆ ಬೆನ್ನು ತಿರುಗಿಸಿ, ಮೇಲಕ್ಕೆ ನೋಡುತ್ತಾ ಕೈ ಬೀಸುತ್ತಾರೆ. ಆಟಗಾರರೂ ರೆಫರಿಗಳೂ ಬೀಸುತ್ತಾರೆ, ಎದುರಾಳಿ ತಂಡದವರೂ ಬೀಸುತ್ತಾರೆ. ಕಿಟಕಿಯ ಗಾಜಿಗೆ ಅಂಟಿಕೊಂಡು ನಿಂತ ಮಕ್ಕಳು ತಿರುಗಿ ಕೈ ಬೀಸುತ್ತಾರೆ.